ತಂತ್ರಜ್ಞಾನದ ಪರವಾನಗಿ ಸಣ್ಣ ಉದ್ಯಮಿಗೂ ದಕ್ಕಲಿ

ಮಾನ್ಯರೇ,

ಸಂಶೋಧನಾ ಸಂಸ್ಥೆಗಳು ತಾವು ರೂಪಿಸಿದ ವಿಧಾನಗಳನ್ನು ಶುಲ್ಕ ಪಡೆದು ಉದ್ಯಮಿಗಳಿಗೆ ನೀಡುವ ವ್ಯವಸ್ಥೆಯ ಫಲ ತುಮಕೂರು ಜಿಲ್ಲೆಯ ಎಲ್ಲ ಬೆಳೆಗಾರರನ್ನೂ ಸಮನಾಗಿ ತಲುಪಿಲ್ಲ.

ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದಲ್ಲಿದ್ದ ಕೆಂಪು ತೊಳೆಯ ‘ಸಿದ್ದು’ ಹಲಸನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರವು ಗುರುತಿಸಿ, ಕಸಿ ಗಿಡಗಳ ಮಾರಾಟದ ಹಣದಲ್ಲಿ ಶೇ 75ರಷ್ಟು ಆ ಕುಟುಂಬಕ್ಕೇ ಸಲ್ಲುವಂತೆ ಒಪ್ಪಂದ ಮಾಡಿಕೊಂಡಿತು. ಕೇಂದ್ರವೂ ತೋಟವೂ ಒಂದೇ ಜಿಲ್ಲೆಯಲ್ಲಿದ್ದುದು ಇದಕ್ಕೆ ದೊಡ್ಡ ಅನುಕೂಲವಾಯಿತು ಎಂಬುದು ನನ್ನ ಭಾವನೆ.

ತೆಂಗು ಬೆಳೆಗಾರರಿಗೆ ಆ ಅನುಕೂಲ ಒದಗಿಲ್ಲ. ತಿಪಟೂರಿನ ಸುತ್ತಮುತ್ತ ಈಗಲೂ ಕಾಯನ್ನು ಅಟ್ಟಕ್ಕೇರಿಸಿ, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಉಂಡೆ ಕೊಬ್ಬರಿಯಾದ ಮೇಲೆ ಸುಲಿದು ಹರಾಜಿಗೆ ತರುತ್ತೇವೆ. ಅಂದಿನ ಧಾರಣೆ ಕುಸಿದಿದ್ದರೆ ಅಷ್ಟೂ ಕಾಲದ ಕಾಯುವಿಕೆ ವ್ಯರ್ಥ. ತೆಂಗಿನಕಾಯಿ ಪೌಡರ್ ಘಟಕಗಳಲ್ಲಿ ಒಡೆದ ಕಾಯಿಯ ನೀರು ಚರಂಡಿಗೆ ಹರಿದು ಹುಳಿ ವಾಸನೆ ಹಬ್ಬುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ, ಏಕೆಂದರೆ ಅದೇ ನೀರಿನಿಂದ ವಿನೆಗರ್ ತಯಾರಿಸುವ ವಿಧಾನ ಬಹಳ ಹಿಂದೆಯೇ ಸಿದ್ಧವಾಗಿದೆ. ತೆಂಗಿನ ಚಿಪ್ಸ್, ಹಸಿ ಕಾಯಿಯ ಹಾಲಿನಿಂದ ತೆಗೆಯುವ ಎಣ್ಣೆ, ಹೊಂಬಾಳೆಯಿಂದ ಇಳಿಸುವ ‘ಕಲ್ಪರಸ’ ಮುಂತಾದವುಗಳ ತಂತ್ರಜ್ಞಾನ ಕೇರಳದ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿದೆ.

ತೊಡಕಿರುವುದು ಪರವಾನಗಿ ಪಡೆದ ನಂತರ. ಶುಲ್ಕ ಕಟ್ಟಿದವನಿಗೆ ತಯಾರಿಕಾ ವಿಧಾನ ಮತ್ತು ಕೆಲವು ದಿನಗಳ ತರಬೇತಿ ದೊರೆಯುತ್ತದೆಯೇ ಹೊರತು ಯಂತ್ರ, ಸಾಲ, ಮಾರುಕಟ್ಟೆ ಎಲ್ಲವನ್ನೂ ಅವನೇ ಹೊಂದಿಸಿಕೊಳ್ಳಬೇಕು. ಸಾಮಾನ್ಯವಾಗಿ ಒಂದೇ ತಂತ್ರಜ್ಞಾನವನ್ನು ಹಲವರಿಗೆ ನೀಡುವುದರಿಂದ, ದೊಡ್ಡ ಬಂಡವಾಳದವರು ಅದೇ ಪದಾರ್ಥವನ್ನು ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದರೆ ಹಳ್ಳಿಯ ಉದ್ಯಮಿ ತಾಳಿಕೊಳ್ಳಲಾರ. ಇನ್ನು ಯಂತ್ರಗಳನ್ನು ಹೊರ ರಾಜ್ಯದಿಂದ ತರಿಸಿದರೆ, ಸಣ್ಣ ದುರಸ್ತಿಗೂ ಅಲ್ಲಿಂದಲೇ ಮೆಕ್ಯಾನಿಕ್ ಬರುವವರೆಗೆ ಘಟಕ ನಿಂತಿರಬೇಕು.

ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ತುಮಕೂರಿಗೆ ತೆಂಗನ್ನೇ ಆಯ್ಕೆ ಮಾಡಲಾಗಿದ್ದು, ವೈಯಕ್ತಿಕ ಘಟಕಗಳಿಗೆ ಶೇ 35ರಂತೆ ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ಈ ನೆರವಿನ ಜೊತೆಗೆ, ಜಿಲ್ಲಾಡಳಿತವು ರೈತ ಉತ್ಪಾದಕ ಸಂಸ್ಥೆಗಳ ಹೆಸರಿನಲ್ಲಿ ಸಾಮೂಹಿಕವಾಗಿ ಪರವಾನಗಿ ಕೊಡಿಸಬೇಕು. ಪರವಾನಗಿಯೊಂದಿಗೆ ಸಿಗುವ ತಯಾರಿಕಾ ವಿವರಗಳು ಕನ್ನಡದಲ್ಲಿರಬೇಕು. ಯಂತ್ರಗಳ ನಕ್ಷೆಗಳನ್ನು ನಮ್ಮ ಜಿಲ್ಲೆಯ ವರ್ಕ್‌ಶಾಪ್‌ಗಳಿಗೂ ಒದಗಿಸಬೇಕು. ಬೆಳೆಗಾರರು ತಮ್ಮದೇ ಕಾಯಿ ತಂದು ಉತ್ಪನ್ನ ತಯಾರಿಸಿ, ಮಾರಿ ನೋಡಿದ ಮೇಲೆ ಸಾಲಕ್ಕೆ ಕೈಹಾಕುವಂತೆ ತಿಪಟೂರಿನಲ್ಲಿ ಪ್ರಾಯೋಗಿಕ ಘಟಕವೊಂದನ್ನು ತೆರೆಯಬೇಕೆಂದು ಜಿಲ್ಲಾಡಳಿತವನ್ನು ಒತ್ತಾಯಿಸುತ್ತೇನೆ.

– ಒಬ್ಬ ತೆಂಗು ಬೆಳೆಗಾರ, ತಿಪಟೂರು