ಗವರ್ನರ್‌ನ ಜನಾನೇ ಆರಿಸಿದ್ರೆ ಜಗಳ ನಿಲ್ಲುತ್ತಾ?

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಇದೇ ಕಾಲಂನಲ್ಲಿ ಓದುಗರೊಬ್ರು, ರಾಜ್ಯಪಾಲರನ್ನ ದೆಹಲಿಯಿಂದ ಕಳಿಸೋದು ಬಿಟ್ಟು ಅಮೆರಿಕದ ಥರ ಜನಾನೇ ವೋಟ್ ಹಾಕಿ ಆರಿಸ್ಲಿ, ಆಗ ಬಿಲ್ ಇಟ್ಕೊಂಡು ಕೂರೋದು, ವಿಧಾನಸಭೆ ಜೊತೆ ಗುದ್ದಾಟ ಎಲ್ಲಾ ತಾನಾಗೇ ನಿಂತೋಗುತ್ತೆ ಅಂತ ಬರೆದಿದ್ರು. ಓದಿ ನಗು ಬಂತು. 2022ರಲ್ಲಿ ಮಗಳ ಬಾಣಂತನಕ್ಕೆ ಅಂತ ನಾನೂ ನಮ್ಮನೆಯವ್ರೂ ಅಮೆರಿಕದ ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ಹೋಗಿದ್ವಿ, ಅಲ್ಲಿ ಆಗ ಗವರ್ನರ್ ಎಲೆಕ್ಷನ್. ನಮ್ಮ ಥರ ಮೈಕ್ ಕಟ್ಟಿದ ಆಟೋ ಇಲ್ಲ ಏನಿಲ್ಲ, ಮನೆ ಮುಂದಿನ ಹುಲ್ಲಲ್ಲಿ ಎರಡು ಕಡ್ಡಿಗೆ ಸಿಗಿಸಿದ ಸಣ್ಣ ಬೋರ್ಡು ಅಷ್ಟೇ. ಅದ್ರಲ್ಲಿ ಒಂದು ಹೆಸರು ಪಾಲ್ ಲೆಪೇಜ್.

ಈ ಮನುಷ್ಯ ಹೊಸಬ ಏನಲ್ಲ, 2011ರಿಂದ 2019ರವರೆಗೆ ಎಂಟು ವರ್ಷ ಅಲ್ಲೇ ಗವರ್ನರ್ ಆಗಿದ್ದವರು, ಮೂರನೇ ಸಲ ಕೊಡಿ ಅಂತ ವಾಪಸ್ ಬಂದಿದ್ರು. (ಅಲ್ಲಿ ಗವರ್ನರ್ ಅಂದ್ರೆ ನಮ್ಮ ಸಿಎಂ ಇದ್ದ ಹಾಗೆ, ಆದ್ರೆ ಸದನದ ಸದಸ್ಯ ಅಲ್ಲ, ಬೇರೆಯಾಗೇ ಗೆದ್ದು ಬರ್ಬೇಕು.) ಜನಾನೇ ಆರಿಸಿದ್ದು ಸ್ವಾಮಿ, ಒಂದಲ್ಲ ಎರಡು ಸಲ. ಜಗಳ ನಿಂತ್ತಾ? ಎಂಟು ವರ್ಷದಲ್ಲಿ 600ಕ್ಕೂ ಹೆಚ್ಚು ಬಿಲ್‌ಗೆ ವೀಟೋ ಹಾಕಿದ್ರು (ಅಂದ್ರೆ ಸೈನ್ ಹಾಕದೆ ವಾಪಸ್ ಕಳಿಸಿದ್ರು), ಅವರಿಗಿಂತ ಮುಂಚೆ ನೂರು ವರ್ಷದಲ್ಲಿ ಬಂದ ಗವರ್ನರ್‌ಗಳೆಲ್ಲಾ ಸೇರಿ ಹಾಕಿದ್ದಕ್ಕಿಂತ ಜಾಸ್ತಿಯಂತೆ. 2015ರಲ್ಲಿ ಇನ್‌ಕಮ್ ಟ್ಯಾಕ್ಸ್ ತೆಗೆಯೋ ವಿಚಾರ ಜನರ ವೋಟಿಗೆ ಬಿಡೋಕೆ ಒಪ್ಪೋವರೆಗೂ ಎದುರು ಪಕ್ಷದ ಡೆಮಾಕ್ರಟ್‌ಗಳು ತಂದ ಯಾವ ಬಿಲ್ ಬಂದ್ರೂ ವೀಟೋನೇ, ಒಳಗೇನಿದೆ ನೋಡೋದೂ ಬೇಡ ಅನ್ನೋ ಲೆಕ್ಕಕ್ಕೆ ಹೊರಟ್ರು. ಬಜೆಟ್ ಮೇಲಿನ ಸಿಟ್ಟಿಗೆ ಕ್ರಿಸ್‌ಮಸ್ ಮರ ತರಿಸಿ, ದುಂದು ಖರ್ಚು ಅಂತ ತೋರ್ಸೋಕೆ ಅದಕ್ಕೆ ಹಂದಿ ಗೊಂಬೆ ನೇತಾಕಿ ಪ್ರೆಸ್‌ಮೀಟ್ ಮಾಡಿದ್ದೂ ಇವರೇ, ಅದೂ ಜೂನ್ ತಿಂಗಳಲ್ಲಿ! 2016ರಲ್ಲಿ ಒಬ್ಬ ಶಾಸಕರ ಫೋನಿಗೆ ಬಾಯಿಗೆ ಬಂದಂಗೆ ಬೈದು ಮೆಸೇಜ್ ಬಿಟ್ಟು ಆಮೇಲೆ ಪತ್ರಕರ್ತರ ಮುಂದೆ, ಇದು 1825ನೇ ಇಸವಿ ಆಗಿದ್ರೆ ಅವನನ್ನ ಬಂದೂಕು ಹಿಡ್ಕೊಂಡು ಕಾಳಗಕ್ಕೆ ಕರೀತಿದ್ದೆ ಅನ್ನೋ ಮಾತೂ ಆಡಿದ್ರು. ಅದೇ ವರ್ಷ ಮನೆಗೆ ತಂದ ನಾಯಿಗೆ ಇಟ್ಟ ಹೆಸರು ಏನು ಗೊತ್ತಾ, ವೀಟೋ.

ನನಗೆ ಇದಕ್ಕಿಂತ ಇಂಟರೆಸ್ಟಿಂಗ್ ಅನ್ಸಿದ್ದು ಬೇರೆ. ನಾನು ಎಫ್‌ಡಿಎ ಆಗಿ ರಿಟೈರ್ ಆದವನು, ಟಪಾಲು ಸೆಕ್ಷನ್‌ನಲ್ಲಿ ವರ್ಷಗಟ್ಲೆ ಕೂತಿದ್ದೆ, ತಾರೀಕಿನ ಸೀಲು ಬಿದ್ದ ಕಾಗದಕ್ಕೂ ಬೀಳದ ಕಾಗದಕ್ಕೂ ಏನು ವ್ಯತ್ಯಾಸ ಅಂತ ಚೆನ್ನಾಗಿ ಗೊತ್ತು. ಮೇಯ್ನ್ ಸಂವಿಧಾನದಲ್ಲಿ ಬಿಲ್ ಕೈಗೆ ಬಂದ್ಮೇಲೆ ಗವರ್ನರ್‌ಗೆ 10 ದಿನ, ಭಾನುವಾರ ಬಿಟ್ಟು. ಸೈನ್ ಹಾಕು ಇಲ್ಲಾ ವಾಪಸ್ ಕಳಿಸು, ಎರಡೂ ಮಾಡ್ಲಿಲ್ಲ ಅಂದ್ರೆ ಅದು ತಾನಾಗೇ ಕಾನೂನು. ವಾಪಸ್ ಕಳಿಸಿದ್ರೂ ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಬಂದ್ರೆ ವೀಟೋ ಬಿದ್ದೋಯ್ತು. 2015ರ ಜುಲೈನಲ್ಲಿ ಲೆಪೇಜ್ ಸಾಹೇಬ್ರು 65 ಬಿಲ್ ಇಟ್ಕೊಂಡು, ಸದನ ಮುಗಿದಿದೆ, ಅದಕ್ಕೆ 10 ದಿನದ ಲೆಕ್ಕ ನಡೆಯಲ್ಲ, ನನಗಿನ್ನೂ ಟೈಮಿದೆ ಅಂತ ಕೂತ್ರು. ಸದನದವರು ಇಲ್ಲ ಸ್ವಾಮಿ ನಾವು ಸ್ವಲ್ಪ ದಿನಕ್ಕೆ ಮನೆಗೆ ಹೋಗಿದ್ವಿ ಅಷ್ಟೇ ಅಂದ್ರು. 10 ದಿನ ದಾಟಿದ್ಮೇಲೆ ಲೆಪೇಜ್ ವೀಟೋ ಕಟ್ಟು ತಂದ್ರೆ ಸದನದವರು ತಗೊಳ್ಳೋಕೇ ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜಡ್ಜ್‌ಗಳು ಒಮ್ಮತದಿಂದ ಸದನದ ಕಡೆನೇ ಹೇಳಿದ್ರು, 65ಕ್ಕೆ 65ನೂ ಕಾನೂನು.

ಎಲ್ಲಾ ಕಡೆ ಈ ಲೆಕ್ಕ ನಡೀಲಿಲ್ಲ ಅನ್ನೋದೂ ನಿಜ. ಬಡವರಿಗೆ ಸರ್ಕಾರಿ ಆರೋಗ್ಯ ವಿಮೆ ಹೆಚ್ಚಿಸೋ ಬಿಲ್ ಐದು ಸಲ ಪಾಸಾಗಿ ಐದು ಸಲಾನೂ ವೀಟೋ ಆಯ್ತು, 2017ರಲ್ಲಿ ಜನಾನೇ ನೇರವಾಗಿ ವೋಟ್ ಹಾಕಿ ಬೇಕು ಅಂದ್ರು, ಆದ್ರೂ ಮಾಡ್ಲಿಲ್ಲ, ಅವರು ಇಳಿದು 2019ರಲ್ಲಿ ಜಾನೆಟ್ ಮಿಲ್ಸ್ ಬಂದ್ಮೇಲೇ ಜಾರಿ ಆಗಿದ್ದು.

2022ರಲ್ಲಿ ಲೆಪೇಜ್ ಇದೇ ಮಿಲ್ಸ್ ಎದುರಿಗೇ ನಿಂತ್ರು, ಈಗ ನಾನು ತಣ್ಣಗಾಗಿದೀನಿ ಅನ್ನೋ ಧಾಟಿಲಿ. ಅಕ್ಟೋಬರ್‌ನಲ್ಲಿ ಮೊದಲ ಡಿಬೇಟ್. ಗರ್ಭಪಾತಕ್ಕೆ 15 ವಾರದ ಮಿತಿ ಹಾಕೋ ಬಿಲ್ ಸದನದಿಂದ ಬಂದ್ರೆ ಏನ್ ಮಾಡ್ತೀರಿ ಅಂತ ಕೇಳಿದ್ದಕ್ಕೆ, ವೀಟೋಗೇ ಹೆಸರಾದ ಮನುಷ್ಯ ತಡಬಡಾಯಿಸಿ ಕೊನೆಗೆ ವೀಟೋ ಮಾಡ್ತೀನಿ ಅಂದ್ರು. ನವೆಂಬರ್‌ನಲ್ಲಿ ಸೋತ್ರು, ಸುಮಾರು 42 ಪರ್ಸೆಂಟ್ ಬಂತು.

ಈಗ ನಮ್ಮ ಕಡೆ ನೋಡಿ. ಸಂವಿಧಾನದ 200ನೇ ವಿಧಿಲಿ ಬಿಲ್ ವಾಪಸ್ ಕಳಿಸೋದಾದ್ರೆ "ಆದಷ್ಟು ಬೇಗ" ಅಂತಿದೆ, ಎಷ್ಟು ದಿನ ಅಂತಿಲ್ಲ. ತಮಿಳುನಾಡು ರಾಜ್ಯಪಾಲರ ಹತ್ರ ಸಿಕ್ಕಾಕೊಂಡಿದ್ದ 10 ಬಿಲ್ ವಿಚಾರದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗಡುವು ಹಾಕ್ತು, ನವೆಂಬರ್‌ನಲ್ಲಿ ಐದು ಜಡ್ಜ್‌ಗಳ ಪೀಠ ಕೋರ್ಟ್ ಹಂಗೆ ಗಡುವು ಹಾಕಂಗಿಲ್ಲ ಅಂತು. ನಮ್ಮ ನಾಡಕಚೇರಿಲಿ ಒಂದು ಜಾತಿ ಸರ್ಟಿಫಿಕೇಟ್‌ಗೆ ಸಕಾಲ ಕಾಯ್ದೆಲಿ ಇಂತಿಷ್ಟು ದಿನ ಅಂತ ಇದೆ, ತಡ ಮಾಡಿದ್ರೆ ನಮ್ಮಂಥ ಗುಮಾಸ್ತರ ಸಂಬಳಕ್ಕೆ ಕತ್ತರಿ. ಇಡೀ ವಿಧಾನಸಭೆ ಪಾಸ್ ಮಾಡಿದ ಬಿಲ್‌ಗೆ ಆ ಲೆಕ್ಕಾನೂ ಇಲ್ಲ!

ಅದಕ್ಕೇ ಆ ಓದುಗರಿಗೆ ಹೇಳೋದು, ರಾಜ್ಯಪಾಲರನ್ನ ಯಾರು ಬೇಕಾದ್ರೂ ಆರಿಸ್ಲಿ, ಮೊದಲು ಸಂಸತ್ತು ತಿದ್ದುಪಡಿ ತಂದು ಆ 200ನೇ ವಿಧಿಲಿ ಒಂದು ನಂಬರ್ ಬರೀಲಿ. 10 ದಿನ ಕಮ್ಮಿ ಆಯ್ತು ಅಂದ್ರೆ 30 ಇಟ್ಕೊಳ್ಳಿ, ಭಾನುವಾರ ಬೇಕಾದ್ರೆ ಬಿಡಿ.

ಇಂತಿ,
ಒಬ್ಬ ನಿವೃತ್ತ ಎಫ್‌ಡಿಎ, ಶಿವಮೊಗ್ಗ