ವಾಪಸ್ ಹೋದವರ ಲೆಕ್ಕ ಎಲ್ಲಿದೆ, ಶಾಸಕರೇ?

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರ.

ಸರ್ಕಾರದ ಸೇವೆಗಳೆಲ್ಲ ಆನ್‌ಲೈನ್ ಆದವು ಎಂದು ಹೋದ ಕಡೆಯೆಲ್ಲ ಹೇಳುತ್ತೀರಿ. ಸಂತೋಷ. ಅದರಿಂದ ಜನರಿಗೆ ಏನಾಯಿತು ಎಂದು ಯಾರಾದರೂ ವಿಚಾರಿಸಿದ್ದಾರಾ? ಎಷ್ಟು ಅರ್ಜಿ ಬಂತು, ಎಷ್ಟು ವಿಲೇವಾರಿ ಆಯಿತು ಎಂಬ ಲೆಕ್ಕ ಬೇಡ. ತಿರಸ್ಕರಿಸಿದ ಅರ್ಜಿಯೂ ವಿಲೇವಾರಿ ಪಟ್ಟಿಗೇ ಸೇರುತ್ತದೆ, ಅಲ್ವಾ? ಬರಿಗೈಯಲ್ಲಿ ವಾಪಸ್ ಹೋದವರ ಲೆಕ್ಕ ಕೊಡಿಸಿ.

ನಮ್ಮ ಅಮ್ಮನ ಕತೆ ಕೇಳಿ. ಗದ್ದೆ ಕೆಲಸ ಮಾಡಿ ಮಾಡಿ ಬೆರಳಿನ ಗೆರೆ ಸವೆದುಹೋಗಿವೆ. ಅಪ್ಪ ತೀರಿಕೊಂಡ ಮೇಲೆ ರೇಷನ್ ಕಾರ್ಡಿನಲ್ಲಿ ಉಳಿದಿರುವುದು ಅಮ್ಮನ ಹೆಸರೊಂದೇ. ತಿಂಗಳು ತಿಂಗಳೂ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ, ಮಷಿನ್ ತಗೊಳ್ಳುವುದಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ಹತ್ತೂ ಬೆರಳು ಮುಗಿಯುತ್ತವೆ. "ಓಟಿಪಿ ಹೇಳಿ" ಎನ್ನುತ್ತಾರೆ ಅಂಗಡಿಯವರು. ಅದು ಹೋಗುವುದು ಯಾವತ್ತೋ ಬಂದ್ ಆದ ನಂಬರಿಗೆ. ನಂಬರ್ ಬದಲಾಯಿಸಲು ಆಧಾರ್ ಕೇಂದ್ರಕ್ಕೆ ಹೋದರೆ ಅಲ್ಲೂ ಬೆರಳೇ ಬೇಕಂತೆ! ಹೋದ ತಿಂಗಳು ಅಂಗಡಿಯವರು, "ಕಾರ್ಡಲ್ಲಿರೋ ಬೇರೆಯವರನ್ನ ಕಳಿಸಿ ಅಜ್ಜಿ" ಎಂದರು. ಯಾರನ್ನು ಕಳಿಸೋಣ ಸ್ವಾಮಿ, ಅಪ್ಪನನ್ನಾ?

ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಮಷಿನ್ ಬೀಪ್ ಅನ್ನದೆ ಅವರೂ ಅಕ್ಕಿ ಅಳೆಯುವಂತಿಲ್ಲ.

ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. ಬೆರಳು ಹೊಂದಲಿಲ್ಲ ಎಂಬ ಕಾರಣಕ್ಕೆ ಸೌಲಭ್ಯ ತಪ್ಪಬಾರದು ಎಂದು ಸುಪ್ರೀಂ ಕೋರ್ಟ್ 2018ರ ಆಧಾರ್ ತೀರ್ಪಿನಲ್ಲೇ ಹೇಳಿದೆ. ನಮ್ಮ ರಾಜ್ಯದ್ದೇ 2011ರ ಸಕಾಲ ಕಾಯ್ದೆ ಇದೆ. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಜಾಸ್ತಿ ಎಂದರೆ 500 ರೂಪಾಯಿ ಪರಿಹಾರ. ಸರಿ, ಆದರೆ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂದು ಬಾಗಿಲಲ್ಲೇ ಕಳಿಸಿದವರಿಗೆ ಅರ್ಜಿ ದಾಖಲಾದಾಗ ಸಿಗುವ ಜಿಎಸ್‌ಸಿ ನಂಬರ್ ಎಲ್ಲಿಂದ ಬರಬೇಕು? ಅರ್ಜಿಯೇ ದಾಖಲಾಗದಿದ್ದರೆ ತಡವೂ ಇಲ್ಲ, ಪರಿಹಾರವೂ ಇಲ್ಲ. ನಿಮ್ಮ ಡ್ಯಾಶ್‌ಬೋರ್ಡ್ ಮಾತ್ರ ಹಸಿರೋ ಹಸಿರು.

ಲೆಕ್ಕ ಹಾಕುವುದು ಕಷ್ಟ ಎಂದು ಮಾತ್ರ ಹೇಳಬೇಡಿ. ಫೇಲ್ ಆದ ಹೆಬ್ಬೆಟ್ಟೂ ಸರ್ವರಿನಲ್ಲಿ ದಾಖಲಾಗುತ್ತದೆ. ತೆಗೆದು ನೋಡುವವರು ಬೇಕು ಅಷ್ಟೇ.

ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆ ಕೇಳಿ. ನಮ್ಮ ತಾಲ್ಲೂಕಿನಲ್ಲಿ ಬೆರಳು ಹೊಂದದೆ ವಾಪಸ್ ಹೋದವರೆಷ್ಟು? ಅವರಲ್ಲಿ ಬೇರೆ ದಾಖಲೆ ನೋಡಿ ರೇಷನ್ ಕೊಟ್ಟದ್ದು ಎಷ್ಟು ಜನಕ್ಕೆ? ಅದಕ್ಕೊಂದು ರಿಜಿಸ್ಟರ್ ಅಂಗಡಿಯಲ್ಲಿ ಇದೆಯಾ? ಸುಮ್ನೆ "ಪರಿಶೀಲಿಸಲಾಗುವುದು" ಎಂಬ ಉತ್ತರ ತರಬೇಡಿ. ವಾಪಸ್ ಹೋದವರ ಲೆಕ್ಕ ತನ್ನಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ