ಶಾಸಕರೇ, ನಮ್ಮ ನಾಯಿಗಳಿಗೆ ಡಿಸ್ಟೆಂಪರ್ ಲಸಿಕೆಯನ್ನೂ ಹಾಕಿಸಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರ.

ಉಡುಪಿ ಜಿಲ್ಲೆಯಲ್ಲಿ ಘಟ್ಟದ ಬುಡದ ಒಂದು ಊರಿನಿಂದ ಬರೆಯುತ್ತಿದ್ದೇನೆ. ವಿಷಯ ನಾಯಿಗಳದ್ದು. ನಾಯಿ ಅಂದ ಕೂಡಲೇ ಪತ್ರ ಬದಿಗಿಡಬೇಡಿ, ದಯವಿಟ್ಟು ಕೊನೆವರೆಗೆ ಓದಿ. ನಾನು ಕೇಳುವುದು ಒಂದೇ. ನಮ್ಮ ಪಂಚಾಯತ್‌ಗಳಲ್ಲಿ ನಾಯಿಗಳಿಗೆ ರೇಬೀಸ್ ಲಸಿಕೆ ಹಾಕುವಾಗ ಡಿಸ್ಟೆಂಪರ್ ಲಸಿಕೆಯನ್ನೂ ಹಾಕಿಸಿ. ಡಿಸ್ಟೆಂಪರ್ ಅಂದರೆ ನಾಯಿಗಳಿಗೆ ವೈರಸ್ಸಿನಿಂದ ಬರುವ ಒಂದು ಅಂಟುರೋಗ.

ಕೆಲವು ವರ್ಷಗಳಿಂದ ಇಲ್ಲಿ ಈ ರೋಗದಿಂದ ನಾಯಿಮರಿಗಳು ಸಾಯುತ್ತಲೇ ಇವೆ. ಮೊದಲು ಜ್ವರ, ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ. ಆಮೇಲೆ ಕೆಮ್ಮು, ಭೇದಿ. ಸ್ವಲ್ಪ ಚೇತರಿಸಿತು ಅನ್ನುವಾಗ ಒಂದು ಕಾಲು ತನ್ನಷ್ಟಕ್ಕೆ ಅದುರಲು ಶುರುವಾಗುತ್ತದೆ. ಬಾಯಲ್ಲಿ ಏನೂ ಇಲ್ಲದಿದ್ದರೂ ಜಗಿಯುತ್ತಲೇ ಇರುತ್ತದೆ, ನೊರೆ ಬರುತ್ತದೆ, ಬಿದ್ದು ಒದ್ದಾಡುತ್ತದೆ. ಹೆಚ್ಚಿನವು ಅಲ್ಲಿಗೆ ಮುಗಿದವು. ಬದುಕಿದ ಕೆಲವು ಜೀವನಪೂರ್ತಿ ನಡುಗುತ್ತಾ ಓಡಾಡುತ್ತವೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬೊಗ್ಗನಿಗೂ ಬಂತು. ತೋಟ ಕಾಯುತ್ತಿದ್ದ ನಾಯಿ, ಒಂದು ದಿನ ಕಟ್ಟಿ ಹಾಕಿದವರಲ್ಲ. ರಿಕ್ಷಾ ಮಾಡಿಕೊಂಡು ಪಶು ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟ್ರು ಒಳ್ಳೆಯವರೇ, ಆದರೆ ಅವರಾದರೂ ಎಂತ ಮಾಡುವುದು? ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಗ್ಲೂಕೋಸ್ ಏರಿಸಿ, ಬೇರೆ ಸೋಂಕು ಸೇರದ ಹಾಗೆ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮನೆಯಲ್ಲಿ ಇರುವ ಮರಿಗಳಿಗಾದರೂ ಲಸಿಕೆ ಕೊಡಿ ಅಂದೆ. ಅದು ನಮಗೆ ಬರುವುದಿಲ್ಲ, ರೇಬೀಸಿನದ್ದು ಮಾತ್ರ ಬರುವುದು, ಖಾಸಗಿಯಲ್ಲಿ ಹಾಕಿಸಿ ಅಂದರು.

ಆಮೇಲೆ ಆದದ್ದನ್ನು ನಿಮಗೆ ಹೇಳಲೇಬೇಕು. ಫಿಟ್ಸ್ ಬಂದ ಬೊಗ್ಗ ಗೇಟು ದಾಟಿ ರಸ್ತೆಗೆ ಹೋಯಿತು. ನೊರೆ ನೋಡಿದ ಜನ ಹುಚ್ಚುನಾಯಿ ಅಂತ ಕೂಗಿದರು, ನಾವು ಓಡಿ ತಲುಪುವುದರೊಳಗೆ ದೊಣ್ಣೆಯಲ್ಲಿ ಹೊಡೆದು ಸಾಯಿಸಿದ್ದರು. ಅವರನ್ನೂ ಪೂರ್ತಿ ಬೈಯಲಾರೆ, ರೇಬೀಸಿನ ಹೆದರಿಕೆ ಯಾರಿಗಿಲ್ಲ? ಆದರೆ ಹೆಣ ತೆಗೆಯಲು ಬಂದ ಕೆಲಸದವರು ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಹಿಂದಿನ ಹಾಡಿಗೆ, ಅಂದರೆ ಸಣ್ಣ ಕಾಡಿಗೆ, ಎಸೆದರು. ಹೂಳಿ ಅಂದೆ. "ಬಿಡಿ ಅಕ್ಕ, ರಾತ್ರಿ ಚಿರತೆ ಬಂದು ತಿಂದು ಖಾಲಿ ಮಾಡ್ತದೆ" ಅಂದರು. ಹಾಡಿಯಲ್ಲಿ ಮೊದಲೇ ಎಸೆದ ನಾಯಿಗಳ ಎಲುಬು ಕಾಣುತ್ತಿತ್ತು. ಕೊನೆಗೆ ನಾನು ಮತ್ತು ಪಕ್ಕದ ಮನೆಯವರು ಹಾರೆ ತಂದು ಗುಂಡಿ ತೋಡಿ ಬೊಗ್ಗನನ್ನು ಹೂತೆವು. ಕೈಯೆಲ್ಲ ಬೊಕ್ಕೆ ಎದ್ದಿತ್ತು. ಆ ಮಾತು ಮಾತ್ರ ಇವತ್ತಿಗೂ ತಲೆಯಿಂದ ಹೋಗಿಲ್ಲ.

ಚಿರತೆ ತಿಂದರೆ ಕೆಲಸ ಮುಗಿಯುವುದಿಲ್ಲ ಸ್ವಾಮಿ. ಅಲ್ಲಿಂದಲೇ ಬೇರೆ ಕಷ್ಟ ಶುರುವಾಗಬಹುದು. ಡಿಸ್ಟೆಂಪರ್ ನಾಯಿಯಲ್ಲೇ ನಿಲ್ಲುವ ರೋಗ ಅಲ್ಲ. ನರಿ, ಸೀಳುನಾಯಿ, ಪುನುಗು ಬೆಕ್ಕು, ಚಿರತೆ, ಹುಲಿ ಎಲ್ಲಕ್ಕೂ ತಗಲುತ್ತದೆ. ಮನುಷ್ಯರಿಗೆ ಬರುವುದಿಲ್ಲ, ಅದಕ್ಕೇ ಯಾರಿಗೂ ಅವಸರ ಇಲ್ಲವೋ ಏನೋ. ನಮ್ಮ ಕಡೆ ಚಿರತೆ ಅಂಗಳಕ್ಕೇ ಬಂದು ನಾಯಿ ಹಿಡಿದುಕೊಂಡು ಹೋಗುತ್ತದೆ, ಅದು ನಿಮಗೂ ಗೊತ್ತು. ಓಡಲಾರದ, ಕಾಯಿಲೆಯ ನಾಯಿ ಅದಕ್ಕೆ ಬೇಗ ಸಿಗುತ್ತದೆ. ಇತ್ತ ಸೋಮೇಶ್ವರ, ಅತ್ತ ಮೂಕಾಂಬಿಕಾ, ಮೇಲೆ ಕುದುರೆಮುಖ. ಇಷ್ಟು ಕಾಡು ಇರುವ ಜಿಲ್ಲೆ ನಮ್ಮದು.

ಗುಜರಾತಿನ ಗಿರ್ ಕಾಡಿನ ಸುದ್ದಿ ನೀವೂ ಓದಿರುತ್ತೀರಿ. 2018ರ ಸೆಪ್ಟೆಂಬರಿನಲ್ಲಿ ಅಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಪರೀಕ್ಷೆ ಮಾಡಿದಾಗ ಹಲವುಗಳಲ್ಲಿ ಸಿಕ್ಕಿದ್ದು ಇದೇ ವೈರಸ್. ಆಮೇಲೆ ಅಮೆರಿಕದಿಂದ ಅವಸರವಾಗಿ ಲಸಿಕೆ ತರಿಸಿದರು. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಸುಮಾರು ಸಾವಿರ ಸಿಂಹಗಳು, ಅಂದರೆ ಅಲ್ಲಿದ್ದ ಸಿಂಹಗಳಲ್ಲಿ ಮೂರರಲ್ಲಿ ಒಂದು ಪಾಲು, ಇದರಿಂದ ಹೋದವು. ಸುತ್ತಮುತ್ತಲ ಹಳ್ಳಿಗಳ ನಾಯಿಗಳಲ್ಲಿ ಆಗ ಈ ರೋಗ ಓಡಾಡುತ್ತಿತ್ತು. ಸಿಂಹ ಸತ್ತರೆ ಟಿವಿಯಲ್ಲಿ ಬರುತ್ತದೆ. ನಮ್ಮ ಗುಡ್ಡದಲ್ಲಿ ಒಂದು ಪುನುಗು ಬೆಕ್ಕು ನಡುಗಿ ಸತ್ತರೆ ಯಾರು ಪರೀಕ್ಷೆ ಮಾಡುತ್ತಾರೆ, ಹೇಳಿ?

ಪ್ರಾಣಿ ಜನನ ನಿಯಂತ್ರಣ ನಿಯಮಗಳು 2023ರಲ್ಲಿ ಹೊಸದಾಗಿ ಬಂದವು, ನಿಮಗೆ ನಾನು ವಿವರಿಸಬೇಕಾಗಿಲ್ಲ. ಬೀದಿನಾಯಿ ಹಿಡಿಯುತ್ತಾರೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುತ್ತಾರೆ, ರೇಬೀಸ್ ಚುಚ್ಚುತ್ತಾರೆ, ಹಿಡಿದಲ್ಲೇ ಬಿಡುತ್ತಾರೆ. ಒಳ್ಳೆಯ ಕೆಲಸ. ನಾಯಿ ಹೇಗೂ ಕೈಯಲ್ಲೇ ಇರುತ್ತದಲ್ವಾ, ಆಗಲೇ ಇನ್ನೊಂದು ಲಸಿಕೆ ಕೊಟ್ಟರೆ ಎಂತ ಕಷ್ಟ? ಅದೂ ಅಲ್ಲದೆ ಹತ್ತಾರು ಊರಿನ ನಾಯಿಗಳನ್ನು ತಂದು ಒಟ್ಟಿಗೆ ಇಡುವ ಜಾಗ ಆ ಶಸ್ತ್ರಚಿಕಿತ್ಸೆ ಕೇಂದ್ರ. ಕೆಮ್ಮು, ಸೀನಿನ ಹನಿಯಲ್ಲಿ ಹರಡುವ ರೋಗಕ್ಕೆ ಅಂಥ ಜಾಗವೇ ಸಾಕು.

ಖಾಸಗಿಯಲ್ಲಿ ಹಾಕಿಸಿ ಅನ್ನುವುದು ಸುಲಭ. ಮರಿಗೆ ಆರೆಂಟು ವಾರ ಆದಾಗ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ಆಗುವವರೆಗೆ ಹಾಕಿಸಬೇಕು. ಕೂಲಿಗೆ ಹೋಗುವವರು ಪ್ರತಿ ಸಲ ಕೆಲಸ ಬಿಟ್ಟು, ಮರಿ ಹಿಡಿದುಕೊಂಡು, ರಿಕ್ಷಾಕ್ಕೆ, ಲಸಿಕೆಗೆ ದುಡ್ಡು ಕೊಟ್ಟು ಪೇಟೆಗೆ ಬರುತ್ತಾರಾ? ಬೀದಿಯ ಮರಿಗೆ ಯಾರು ಕೊಡುತ್ತಾರೆ?

ನಾಯಿಗೆ ಲಸಿಕೆ ಕೊಟ್ಟ ಮಾತ್ರಕ್ಕೆ ಕಾಡಿನಲ್ಲಿ ಈ ರೋಗವೇ ಇಲ್ಲವಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಒಮ್ಮೆ ಕಾಡಿಗೆ ಹೋದ ವೈರಸ್ ಅಲ್ಲಿಯೇ ಸುತ್ತಬಹುದು. ಆದರೆ ನಮ್ಮ ಅಂಗಳದ ಬಾಗಿಲು ಮುಚ್ಚುವುದು ನಮ್ಮ ಕೈಯಲ್ಲಿದೆ. ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ನೆನಪಿರುವ ಹಿರಿಯರು ನಮ್ಮೂರಲ್ಲಿ ಈಗಲೂ ಇದ್ದಾರೆ. ಡಿಸ್ಟೆಂಪರಿನ ಹತ್ತಿರದ ಸಂಬಂಧಿ ವೈರಸ್ ಅದು. ಊರೂರಿಗೆ ಹೋಗಿ ಲಸಿಕೆ ಹಾಕಿಯೇ ಅದನ್ನು ಓಡಿಸಿದ್ದು, 2011ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು ಅಂತ ಘೋಷಣೆ ಆಯಿತು. ಅದೇ ಇಲಾಖೆ, ಅದೇ ಆಸ್ಪತ್ರೆಗಳು ಈಗಲೂ ಇವೆ.

ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ಕೊಟ್ಟಲ್ಲೆಲ್ಲ ಬೇರೆ ಇಲಾಖೆ ಕಡೆಗೆ ಕೈ ತೋರಿಸುತ್ತಾರೆ. ಅರಣ್ಯದವರು ಪಶು ಇಲಾಖೆ ಅನ್ನುತ್ತಾರೆ, ಅಲ್ಲಿ ಪಂಚಾಯತ್ ಅನ್ನುತ್ತಾರೆ, ಪಂಚಾಯತಿನಲ್ಲಿ ಅನುದಾನ ಇಲ್ಲ ಅನ್ನುತ್ತಾರೆ. ತಾಲೂಕಿನ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ಈ ಮೂವರೂ ನಿಮ್ಮ ಎದುರೇ ಕೂತಿರುತ್ತಾರೆ. ಮುಂದಿನ ಸಭೆಯಲ್ಲಿ ಕೇಳಿ. ರೇಬೀಸ್ ಜೊತೆ ಡಿಸ್ಟೆಂಪರ್ ಲಸಿಕೆಗೂ ದುಡ್ಡು ಇಡಿಸಿ, ಕಾಡಂಚಿನ ಊರುಗಳಿಂದ ಶುರು ಮಾಡಿಸಿ. ಸತ್ತ ನಾಯಿಯನ್ನು ಹಾಡಿಗೆ ಎಸೆಯದೆ ಆಳವಾಗಿ ಹೂಳಬೇಕು ಅಂತ ಬರಹದಲ್ಲಿ ಆದೇಶ ಕೊಡಿಸಿ. ನಮ್ಮ ಮನೆಯಲ್ಲಿ ಈಗ ಎರಡು ಮರಿಗಳಿವೆ, ಪಕ್ಕದ ಮನೆಯಲ್ಲಿ ನಾಲ್ಕು. ಯಾವ ದಿನ ಲಸಿಕೆ ಬರುತ್ತದೆ ಅಂತ ಮಾತ್ರ ತಿಳಿಸಿ, ಹಿಡಿದುಕೊಂಡು ಬರುವ ಕೆಲಸ ನಮ್ಮದು.

ಇತಿ,
ನಿಮ್ಮ ಕ್ಷೇತ್ರದ ಮತದಾರಳು